ಬೀಜವನ್ನಲ್ಲ, ನೆಲವನ್ನು ನೋಡಿದ ಸ್ಟೀಫನ್ ಪ್ಯಾಜೆಟ್

ಎಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರಕ್ಕೆ ಸೇರುವ ಮುಂಚೆ ನಾವು ಒಂದು ವರ್ಷ ಕತಾರಿನ ಹಮದ್ ಬಂದರಿನಲ್ಲಿ ದುಡಿದೆವು. ಒಂದು ದಿನ ರಾತ್ರಿ ಪಾಳಿಯಲ್ಲಿದ್ದಾಗ ಊರಿಂದ ಫೋನ್ ಬಂತು. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದ್ದ ದೊಡ್ಡಮ್ಮನಿಗೆ ಈಗ ಬೆನ್ನುಮೂಳೆಯಲ್ಲಿ ಗಡ್ಡೆಯಂತೆ. ಎದೆಯದ್ದು ತೆಗೆದಾಯ್ತಲ್ಲ, ಮೂಳೆಗೇ ಯಾಕೆ ಹೋಯ್ತು ಅಂತ ಅವರು ಕೇಳಿದರು. ನಮಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವರು ಪ್ಯಾಜೆಟ್.

ಅವರು ಹುಟ್ಟಿದ್ದು 1855ರಲ್ಲಿ. ತಂದೆ ಸರ್ ಜೇಮ್ಸ್ ಪ್ಯಾಜೆಟ್ ದೊಡ್ಡ ಸರ್ಜನ್, ರೋಗಗಳಿಗೇ ಅವರ ಹೆಸರಿದೆ. ಅಣ್ಣತಮ್ಮಂದಿರಲ್ಲಿ ಇಬ್ಬರು ಬಿಷಪ್ಪರಾದರು. ಸ್ಟೀಫನ್ ಅಪ್ಪನ ದಾರಿ ಹಿಡಿದು ಲಂಡನ್ನಿನಲ್ಲಿ ಸರ್ಜನ್ ಆದರು. ಅಂಥ ಮನೆಯಲ್ಲಿ ಹುಟ್ಟಿ ಅದೇ ಕಸುಬು ಮಾಡೋದು ಸುಲಭವಲ್ಲ ಬಿಡಿ.

ಕ್ಯಾನ್ಸರ್ ಕಣ ರಕ್ತದಲ್ಲಿ ತೇಲಿ ಎಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಬೆಳೆಯುತ್ತೆ ಅನ್ನುವ ಮಾತು ಆಗ ಪ್ರಬಲವಾಗಿತ್ತು. ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಕೂತು ಎಣಿಸಿದರು. ಯಕೃತ್ತಿನಲ್ಲಿ ಗಡ್ಡೆ ಇದ್ದದ್ದು 241 ಮಂದಿಗೆ, ಗುಲ್ಮದಲ್ಲಿ ಬರೀ 17 ಮಂದಿಗೆ. ಗುಲ್ಮಕ್ಕೂ ರಕ್ತ ಧಾರಾಳವಾಗಿ ಹೋಗುತ್ತೆ, ಹಾಗಾದರೆ ಈ ಭೇದ ಯಾಕೆ? ಮೂಳೆಗಳಲ್ಲೂ ಹೀಗೇ, ಕೆಲವಕ್ಕೆ ಮಾತ್ರ ಪದೇ ಪದೇ ತಗಲುತ್ತಿತ್ತು. ಬೀಜ ಎಲ್ಲ ಕಡೆಗೂ ಹಾರುತ್ತೆ, ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತೆ ಅಂತ 1889ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಈ ವಿಚಾರ ತನಗಿಂತ ಮೊದಲು ಫುಕ್ಸ್ ಎಂಬುವರಿಗೆ ಹೊಳೆದಿತ್ತು ಅಂತ ಅಲ್ಲೇ ಒಪ್ಪಿಕೊಂಡರು. ನಮಗೆ ತುಂಬ ಹಿಡಿಸಿದ್ದು ಇದೇ.

ಆಮೇಲೆ ಅವರು ಅಪ್ಪನ ಜೀವನಚರಿತ್ರೆ ಪ್ರಕಟಿಸಿದರು, 1908ರಲ್ಲಿ ವೈದ್ಯಕೀಯ ಸಂಶೋಧನೆಯ ಪರವಾಗಿ ಒಂದು ಸಂಘ ಕಟ್ಟಿದರು. 1926ರಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ ಅಮೆರಿಕದ ಜೇಮ್ಸ್ ಯೂಯಿಂಗ್, ಇದೆಲ್ಲ ರಕ್ತನಾಳದ ಹಾದಿಯ ಲೆಕ್ಕ ಅಂದರು. ಬೀಜ-ನೆಲದ ಮಾತು ಮೂಲೆಗೆ ಸರಿಯಿತು.

1980ರಲ್ಲಿ ಹಾರ್ಟ್ ಮತ್ತು ಫಿಡ್ಲರ್ ಇಲಿಗಳಿಗೆ ಶ್ವಾಸಕೋಶದ, ಮೂತ್ರಪಿಂಡದ ಚೂರುಗಳನ್ನು ಕಸಿ ಮಾಡಿ, ರಕ್ತಕ್ಕೆ ಕ್ಯಾನ್ಸರ್ ಕಣ ಬಿಟ್ಟರು. ಶ್ವಾಸಕೋಶದ ಚೂರಿನಲ್ಲಿ ಗಡ್ಡೆ ಬೆಳೆಯಿತು, ಮೂತ್ರಪಿಂಡದ್ದರಲ್ಲಿ ಇಲ್ಲ. ಪ್ಯಾಜೆಟ್ ಮತ್ತೆ ಓದಿಗೆ ಬಂದರು.

ಹಾಗಂತ ಹಾದಿಯೂ ಸಲೀಸಲ್ಲ. ರಕ್ತಕ್ಕಿಳಿದ ಕಣಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಕೆಲವು ಪ್ಲೇಟ್‌ಲೆಟ್‌ಗಳನ್ನು ಹೊದ್ದು ರಕ್ಷಣಾ ಕಣಗಳ ಕಣ್ಣು ತಪ್ಪಿಸುತ್ತವೆ. ಕೆಲವು ಪಿಡಿ-ಎಲ್1 ಎಂಬ ಪ್ರೋಟೀನ್ ತೋರಿಸಿ ಟಿ-ಕಣಗಳನ್ನು ಸುಮ್ಮನಾಗಿಸುತ್ತವೆ, ನಮ್ಮ ಬಂದರಿನ ಗೇಟಿನಲ್ಲಿ ಬೇರೆಯವರ ಪಾಸ್ ತೋರಿಸಿ ನುಸುಳಿದ ಹಾಗೆ. ಮೂಳೆ ತಲುಪಿದವು ಅದನ್ನು ಕರಗಿಸುವಂತೆ ಮಾಡುತ್ತವೆ. ಕರಗಿದ ಮೂಳೆಯಿಂದ ಹೊರಬರುವ ಬೆಳವಣಿಗೆಯ ಅಂಶಗಳೇ ಅವಕ್ಕೆ ಗೊಬ್ಬರ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ, ರಾಗಿ ಬಿತ್ತಿದ ಕೈ ಅಲ್ವಾ, ದೊಡ್ಡಮ್ಮನಿಗೆ ನಮಗಿಂತ ಬೇಗ ಅರ್ಥವಾಯ್ತು. ನೆಲಕ್ಕೇನು ಮಾಡ್ತಾರೆ ಅಂತ ಕೇಳಿದರು. ಈಗ ತಿಂಗಳಿಗೊಮ್ಮೆ, ಮೂಳೆ ಕರಗದಂತೆ ತಡೆಯುವ ಇಂಜೆಕ್ಷನ್‌ಗೆ ಹೋಗಿಬರುತ್ತಾರೆ.