ಲಾಹೋರಿನ ಸಿಂಹಾಸನದಿಂದ ಎಲ್ವೆಡನ್‌ನ ಬೇಟೆಬಯಲಿಗೆ

ಪೂರ್ವ ಇಂಗ್ಲೆಂಡಿನ ಥೆಟ್‌ಫರ್ಡ್ ಪಟ್ಟಣದ ಸಮೀಪ ಎಲ್ವೆಡನ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಚರ್ಚಿನ ಆವರಣದಲ್ಲಿರುವ ಸಾಧಾರಣ ಸಮಾಧಿಯೊಂದನ್ನು ಕಾಣಲು ಇಂದಿಗೂ ಸಿಖ್ಖರು ದೂರದಿಂದ ಬರುತ್ತಾರೆ. ಅದು ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಅವರದು. ವಿಕ್ಟೋರಿಯಾ ಯುಗದ ಇಂಗ್ಲಿಷ್ ಶ್ರೀಮಂತ ವರ್ಗ ಮಾತ್ರ ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ. ಹಾರುವ ಹಕ್ಕಿಗೆ ಗುರಿಯಿಡುವುದರಲ್ಲಿ ಅವರನ್ನು ಸರಿಗಟ್ಟುವವರು ಆ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ಇದ್ದರು.

ರಣಜಿತ್ ಸಿಂಗ್ ಅವರ ಕಿರಿಯ ಪುತ್ರನಾಗಿ 1838ರಲ್ಲಿ ಜನಿಸಿದ ದುಲೀಪ್ ಐದನೆಯ ವಯಸ್ಸಿಗೇ ಪಟ್ಟಕ್ಕೇರಿದರು. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಂಜಾಬನ್ನು ವಶಪಡಿಸಿಕೊಂಡಾಗ ಬಾಲಕ ದೊರೆ ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಒಪ್ಪಿಸಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಪ್ರತಿಯಾಗಿ ದೊರೆತದ್ದು, ಅವರಿಗೂ ಬಂಧುಗಳಿಗೂ ಆಶ್ರಿತರಿಗೂ ಸೇರಿ ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ ರೂಪಾಯಿಗಳ ಪಿಂಚಣಿಯ ಭರವಸೆ. ತಾಯಿ ಜಿಂದ್ ಕೌರ್ ಅವರಿಂದ ದೂರವಾಗಿ ಬ್ರಿಟಿಷ್ ಪಾಲಕರ ಕೈಯಲ್ಲಿ ಬೆಳೆದ ಹುಡುಗ 1853ರಲ್ಲಿ ಕ್ರೈಸ್ತ ಮತ ಸ್ವೀಕರಿಸಿ, ಮರುವರ್ಷ ಇಂಗ್ಲೆಂಡಿಗೆ ತೆರಳಿದರು. ರಾಣಿ ವಿಕ್ಟೋರಿಯಾ ಅವರಿಗೆ ಈ ಸುಂದರ ತರುಣನ ಮೇಲೆ ವಿಶೇಷ ವಾತ್ಸಲ್ಯವಿತ್ತು.

ಸ್ಕಾಟ್ಲೆಂಡಿನ ಬಾಡಿಗೆ ಕೋಟೆಮನೆಗಳಲ್ಲಿ ಬಂದೂಕಿನ ರುಚಿ ಹತ್ತಿಸಿಕೊಂಡ ದುಲೀಪ್, 1863ರಲ್ಲಿ ಸರ್ಕಾರದಿಂದ ಪಡೆದ ಸಾಲದ ನೆರವಿನಿಂದ ಎಲ್ವೆಡನ್‌ನ ಸುಮಾರು 17 ಸಾವಿರ ಎಕರೆ ಎಸ್ಟೇಟನ್ನು ಕೊಂಡರು. ಮರಳುಮಿಶ್ರಿತ ಆ ಬಡ ನೆಲ ಕೃಷಿಗೆ ಅಷ್ಟಕ್ಕಷ್ಟೇ. ಆದರೆ ಕೌಜುಗ, ಫೆಸೆಂಟ್ ಹಕ್ಕಿ ಮತ್ತು ಮೊಲಗಳ ಬೇಟೆಗೆ ಇದಕ್ಕಿಂತ ಪ್ರಶಸ್ತವಾದ ಜಾಗ ದೊರೆಯುವುದು ದುರ್ಲಭ. ವಾಸ್ತುಶಿಲ್ಪಿ ಜಾನ್ ನಾರ್ಟನ್ ಹೊರಗೆ ಇಟಾಲಿಯನ್ ಶೈಲಿಯ ಬಂಗಲೆ ಕಟ್ಟಿದರೆ, ಒಳಗಿನ ಗೋಡೆ, ಕಂಬ, ಛಾವಣಿಗಳಲ್ಲಿ ಲಾಹೋರಿನ ಅರಮನೆಯ ಛಾಯೆ ಮೂಡಿತು. ಕಳೆದುಕೊಂಡದ್ದನ್ನು ಗಾರೆಯಲ್ಲಾದರೂ ಮರಳಿ ಪಡೆಯುವ ಹಂಬಲ ಅದರಲ್ಲಿತ್ತೇನೋ.

ಸೆಪ್ಟೆಂಬರ್ ಒಂದರಿಂದ ಕೌಜುಗ, ಅಕ್ಟೋಬರ್ ಒಂದರಿಂದ ಫೆಸೆಂಟ್ ಶಿಕಾರಿಯ ಋತು. ರಜೆಯ ದಿನಗಳನ್ನು ಕಳೆಯಲು ವೇಲ್ಸ್ ರಾಜಕುಮಾರ ಎಡ್ವರ್ಡ್ ಸೇರಿದಂತೆ ಗಣ್ಯರು ಎಲ್ವೆಡನ್‌ಗೆ ಬಂದಿಳಿಯುತ್ತಿದ್ದರು. ಆಳುಗಳು ಸಾಲುಗಟ್ಟಿ ಪೊದೆಗಳನ್ನು ಬಡಿಯುತ್ತ ಹಕ್ಕಿಗಳನ್ನು ಎಬ್ಬಿಸಬೇಕು. ಮುಂದೆ ಕಾದು ನಿಂತ ಅತಿಥಿಗಳು, ತಲೆಯ ಮೇಲೆ ಹಾದುಹೋಗುವ ಹಿಂಡಿಗೆ ಗುಂಡು ಹಾರಿಸಬೇಕು. ಒಂದು ಬಂದೂಕು ಬರಿದಾಗುವಷ್ಟರಲ್ಲಿ ಪಕ್ಕದ ಸಹಾಯಕ ಮತ್ತೊಂದನ್ನು ತುಂಬಿ ಕೈಗೆ ಕೊಡುತ್ತಿದ್ದ. 1876ರ ಸೆಪ್ಟೆಂಬರಿನಲ್ಲಿ ದುಲೀಪ್ ಒಬ್ಬರೇ ಒಂದೇ ದಿನ ಏಳುನೂರಕ್ಕೂ ಹೆಚ್ಚು ಕೌಜುಗಗಳನ್ನು ಕೆಡವಿದರು. ಇಂದಿನ ಓದುಗರಿಗೆ ಇದು ಕ್ರೌರ್ಯವಾಗಿಯೇ ತೋರೀತು. ಅಂದಿನ ಸಮಾಜದಲ್ಲಿ ಅದು ಮರ್ಯಾದೆಯ ಗುರುತು. ಪರದೇಶದ ದೊರೆಯೊಬ್ಬ ಇಂಗ್ಲಿಷ್ ಸಿರಿವಂತರ ಸಾಲಿನಲ್ಲಿ ಸಮಾನನಾಗಿ ನಿಲ್ಲಲು ಇದ್ದ ಹಾದಿ ಬಹುಶಃ ಅದೊಂದೇ.

ಆ ಮರ್ಯಾದೆಯ ಬೆಲೆ ದುಬಾರಿಯಾಗಿತ್ತು. ಬೇಟೆಗೆಂದೇ ಮೊಟ್ಟೆಗಳಿಂದ ಮರಿ ಮಾಡಿಸಿ ಸಾಕುವ ಫೆಸೆಂಟ್‌ಗಳು, ಕಾವಲುಗಾರರ ಪಡೆ, ಅತಿಥಿಗಳ ಔತಣ, ಬಂಗಲೆಯ ನವೀಕರಣ ಎಲ್ಲಕ್ಕೂ ಹಣ ಬೇಕು. 1870ರ ದಶಕದಲ್ಲಿ ಇಂಗ್ಲೆಂಡಿನ ಕೃಷಿ ಕುಸಿದು ಗೇಣಿಯ ಆದಾಯ ಇಳಿಯಿತು. ಸಾಲ ಬೆಳೆಯಿತು. ನೆರವು ಕೋರಿದಾಗ ಸರ್ಕಾರ ವಿಧಿಸಿದ ಷರತ್ತು ಕಠಿಣವಾಗಿತ್ತು: ಅವರ ಮರಣಾನಂತರ ಎಸ್ಟೇಟನ್ನು ಮಾರಿ ಸಾಲ ತೀರಿಸಬೇಕು. ಮಕ್ಕಳಿಗೆ ಎಲ್ವೆಡನ್ ಕೂಡ ಉಳಿಯದು ಎಂಬುದು ಖಚಿತವಾಯಿತು.

ಲೆಕ್ಕದ ಪುಸ್ತಕವನ್ನು ನೋಡುತ್ತಲೇ ದುಲೀಪ್ ಇತಿಹಾಸದ ಪುಟಗಳನ್ನೂ ತಿರುವಿದರು. ಪಂಜಾಬಿನಲ್ಲಿದ್ದ ತಮ್ಮ ಕುಟುಂಬದ ಖಾಸಗಿ ಆಸ್ತಿ ಏನಾಯಿತು ಎಂದು 1882ರಲ್ಲಿ ಟೈಮ್ಸ್ ಪತ್ರಿಕೆಯ ಮೂಲಕ ಬಹಿರಂಗವಾಗಿಯೇ ಪ್ರಶ್ನಿಸಿದರು. ಸಮಾಧಾನಕರ ಉತ್ತರ ಬರಲಿಲ್ಲ. 1886ರಲ್ಲಿ ಸಂಸಾರ ಸಮೇತ ಭಾರತಕ್ಕೆ ಹೊರಟವರನ್ನು ಏಡನ್‌ನಲ್ಲಿಯೇ ತಡೆಯಲಾಯಿತು. ಅಲ್ಲಿಯೇ ಅವರು ಸಿಖ್ ಧರ್ಮಕ್ಕೆ ಮರಳಿದರು. ಬಳಿಕ ಪ್ಯಾರಿಸ್ ಸೇರಿ, 1887ರಲ್ಲಿ ರಷ್ಯಾಕ್ಕೆ ಹೋಗಿ ಚಕ್ರವರ್ತಿಯ ಬೆಂಬಲ ಯಾಚಿಸಿದರೂ ಫಲ ದೊರೆಯಲಿಲ್ಲ. ಅದೇ ವರ್ಷ ಪತ್ನಿ ಬಂಬಾ ತೀರಿಕೊಂಡರು. ಪಾರ್ಶ್ವವಾಯುವಿನಿಂದ ಕುಗ್ಗಿದ ಮಹಾರಾಜ 1891ರಲ್ಲಿ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ರಾಣಿಯನ್ನು ಕಂಡು ಕ್ಷಮೆ ಕೋರಿದರು.

1893ರ ಅಕ್ಟೋಬರ್ 22ರಂದು ಪ್ಯಾರಿಸ್‌ನಲ್ಲಿ ನಿಧನರಾದ ದುಲೀಪ್ ಅವರ ಪಾರ್ಥಿವ ಶರೀರವನ್ನು ಎಲ್ವೆಡನ್‌ಗೆ ತಂದು, ಪತ್ನಿ ಮತ್ತು ಮಗನ ಪಕ್ಕದಲ್ಲಿ ಕ್ರೈಸ್ತ ವಿಧಿಯಂತೆ ಮಣ್ಣು ಮಾಡಲಾಯಿತು. ಮರುವರ್ಷವೇ ಗಿನ್ನೆಸ್ ಮದ್ಯೋದ್ಯಮ ಮನೆತನದ ಐವೀ ಪ್ರಭು ಎಸ್ಟೇಟನ್ನು ಖರೀದಿಸಿದರು. ಅವರು ಭಾರತೀಯ ಶೈಲಿಯಲ್ಲಿಯೇ ಅಮೃತಶಿಲೆಯ ಭವ್ಯ ಸಭಾಂಗಣವೊಂದನ್ನು ಸೇರಿಸಿ ಬಂಗಲೆಯನ್ನು ವಿಸ್ತರಿಸಿದರು. ಬೇಟೆಯ ರಜಾಕೂಟಗಳು ನಿಲ್ಲಲಿಲ್ಲ. ದುಲೀಪ್ ಅವರ ಹಳೆಯ ಅತಿಥಿ ಎಡ್ವರ್ಡ್, ಈಗ ಬ್ರಿಟನ್ನಿನ ದೊರೆಯಾಗಿ, ಹೊಸ ಒಡೆಯರ ಆಹ್ವಾನದ ಮೇರೆಗೆ ಅದೇ ಬಯಲಿಗೆ ಬಂದೂಕು ಹಿಡಿದು ಬಂದರು.