ಆರ್ಗನ್ ವಾದಕ ಲೂಯಿ ಬ್ರೈಲ್

ಅಂಧರ ಲಿಪಿಯನ್ನು ನಿರ್ಮಿಸಿದ ಲೂಯಿ ಬ್ರೈಲರ ಹೆಸರನ್ನು ಕೇಳದವರು ವಿರಳ. ಆದರೆ ಆ ಮಹನೀಯರು ಪ್ಯಾರಿಸ್ ನಗರದ ಕಥೋಲಿಕ ದೇವಾಲಯಗಳಲ್ಲಿ ಆರ್ಗನ್ ನುಡಿಸುತ್ತಿದ್ದರೆಂಬ ಸಂಗತಿ ನಮ್ಮ ಕಡೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪೂಜೆಯ ಹಾಡುಗಳಿಗೆ ಹಾರ್ಮೋನಿಯಂ ನುಡಿಸುತ್ತ ಬಂದ ಹಿರಿಯರನ್ನು ನೆನೆಯಬೇಕಾದ ಈ ಶತಮಾನೋತ್ಸವದ ಸಂಚಿಕೆಯಲ್ಲಿ, ಅವರ ಜೀವನವನ್ನು ಈ ಬದಿಯಿಂದ ನೋಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬ್ರೈಲರು ಜನಿಸಿದ್ದು 1809ರ ಜನವರಿ 4ರಂದು, ಪ್ಯಾರಿಸ್ಸಿಗೆ ಸುಮಾರು 40 ಕಿಲೋಮೀಟರ್ ದೂರದ ಕೂವ್ರೆ ಎಂಬ ಗ್ರಾಮದಲ್ಲಿ. ತಂದೆಯವರದು ಕುದುರೆಯ ಜೀನು, ಲಗಾಮುಗಳನ್ನು ಹೊಲಿಯುವ ಕಸಬು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಚೂಪಾದ ಹತಾರವೊಂದನ್ನು ಹಿಡಿದು ಆಡುತ್ತಿರಲು ಅದು ಕಣ್ಣಿಗೆ ನಾಟಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದನೆಯ ವಯಸ್ಸಿಗೆ ಬಾಲಕ ಪೂರ್ಣ ಅಂಧನಾದ. ಅಂಥ ಮಕ್ಕಳಿಗೆ ಭಿಕ್ಷೆಯೇ ಗತಿಯಾಗಿದ್ದ ಕಾಲವದು. ಆ ಊರಿನ ವಿಚಾರಣಾ ಗುರುಗಳಾದ ಜಾಕ್ ಪಲ್ವೀ ಅವರು ಬಾಲಕನನ್ನು ಕೈಬಿಡಲಿಲ್ಲ. ತಾವೇ ಪಾಠ ಹೇಳಿದರು, ಊರಿನ ಶಾಲೆಗೆ ಸೇರಿಸಿದರು. 1819ರ ಫೆಬ್ರವರಿಯಲ್ಲಿ, ತನ್ನ ಹತ್ತನೆಯ ವಯಸ್ಸಿನಲ್ಲಿ, ಲೂಯಿ ಪ್ಯಾರಿಸ್ಸಿನ ಅಂಧ ಬಾಲಕರ ವಿದ್ಯಾಸಂಸ್ಥೆಯನ್ನು ಪ್ರವೇಶಿಸಿದನು.

ಅಲ್ಲಿ ಉಬ್ಬಚ್ಚಿನ ಭಾರವಾದ ಕೆಲವೇ ಪುಸ್ತಕಗಳಿದ್ದವು. ಬೆರಳಿನಿಂದ ಒಂದೊಂದಕ್ಷರವನ್ನೂ ತಡವಿ ಓದಬೇಕಿತ್ತು, ಬರೆಯುವುದಂತೂ ಆಗದು. ಸೇನಾಧಿಕಾರಿ ಷಾರ್ಲ್ ಬಾರ್ಬಿಯೇ ಅವರು ರೂಪಿಸಿದ್ದ ಚುಕ್ಕಿಯ ಬರವಣಿಗೆ 1821ರ ಸುಮಾರಿಗೆ ಸಂಸ್ಥೆಗೆ ಬಂತು. ಅದು ಹನ್ನೆರಡು ಚುಕ್ಕಿಗಳದ್ದು, ಬೆರಳ ತುದಿಗೆ ಒಮ್ಮೆಗೇ ನಿಲುಕದು. ಅದರಲ್ಲಿ ಕಾಗುಣಿತವಿಲ್ಲ, ಸಂಗೀತದ ಸ್ವರಗಳಿಗೆ ಗುರುತೂ ಇಲ್ಲ. ಲೂಯಿ ಅದನ್ನು ಆರು ಚುಕ್ಕಿಗಳಿಗೆ ಇಳಿಸಿ, 1824ರಲ್ಲಿ, ಹದಿನೈದನೆಯ ವಯಸ್ಸಿಗೆ, ಹೊಸ ಲಿಪಿಯನ್ನು ಸಿದ್ಧಪಡಿಸಿದನು. 1829ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರಿನಲ್ಲೇ ಮಾತು, ಸಂಗೀತ ಮತ್ತು ದೇವಾಲಯದ ಸರಳಗಾನ, ಈ ಮೂರೂ ಸೇರಿವೆ. ಕಣ್ಣು ಕಳೆದ ಹತಾರವೇ ಲಿಪಿಗೆ ಮೂಲವೆಂದು ಹೇಳುವ ರೂಢಿಯುಂಟು. ನಮಗಾದರೋ ಸಂಗೀತವೇ ಅದಕ್ಕೆ ಹೆಚ್ಚು ಸಮೀಪದ ಕಾರಣವೆಂದು ತೋರುತ್ತದೆ.

ಏಕೆಂದರೆ ಅಂದಿನ ಅಂಧನಿಗೆ ಗೌರವದ ಅನ್ನ ದೊರೆಯುತ್ತಿದ್ದ ಕೆಲವೇ ಸ್ಥಳಗಳಲ್ಲಿ ದೇವಾಲಯದ ಆರ್ಗನ್ ಪೀಠವೂ ಒಂದು. 1833ರಲ್ಲಿ ಸಂಸ್ಥೆಯ ಪೂರ್ಣ ಅಧ್ಯಾಪಕರಾದ ಬ್ರೈಲರು ಮರುವರ್ಷವೇ ಸಂತ ನಿಕೊಲಾಸರ ದೇವಾಲಯದ ವಾದಕರಾದರು. ಹಳೆಯ ಪ್ಯಾರಿಸ್ಸಿನ ಪುರಾತನ ದೇವಾಲಯವದು. ಅಲ್ಲಿನ ಆರ್ಗನ್ನನ್ನು ಪ್ರಖ್ಯಾತ ಶಿಲ್ಪಿ ಕ್ಲಿಕೋ 1770ರ ದಶಕದಲ್ಲಿ ಪುನರ್ನಿರ್ಮಿಸಿದ್ದರು. ನಮ್ಮ ಹಾರ್ಮೋನಿಯಮ್ಮಿನಲ್ಲಿ ಒಂದು ಕೈ ತಿದಿಯೊತ್ತಿದರೆ ಇನ್ನೊಂದು ಕೈ ಮನೆಗಳನ್ನು ನುಡಿಸುತ್ತದೆ. ಅಲ್ಲಿಯಾದರೋ ತಿದಿಯೊತ್ತಲು ಬೇರೆ ಆಳುಗಳು. ವಾದಕನ ಎರಡು ಕೈಗಳಿಗೆ ಮೇಲು ಕೆಳಗಾಗಿ ಹಲವು ಸಾಲು ಮನೆಗಳು, ಪಾದಗಳಿಗೆ ಮರದ ತುಳಿಮಣೆಗಳು. ಎರಡೂ ಕೈ ದುಡಿಯುತ್ತಿರುವಾಗ ಚುಕ್ಕಿಗಳನ್ನು ತಡವಿ ಓದುವುದೆಂತು? ಆದ್ದರಿಂದ ಅಂಧ ವಾದಕನು ಮೊದಲು ಒಂದು ಕೈಯಿಂದ ಓದುತ್ತ ಇನ್ನೊಂದರಿಂದ ನುಡಿಸಿ, ಭಾಗ ಭಾಗವಾಗಿ ಸಮಸ್ತವನ್ನೂ ಕಂಠಸ್ಥ ಮಾಡಿಕೊಳ್ಳಬೇಕು. ಭಾನುವಾರದ ಪೂಜೆಗೆ ಬಂದ ಜನ ಕೇಳುತ್ತಿದ್ದುದು ಇಂತಹ ವಾರಗಟ್ಟಲೆಯ ಶ್ರಮದ ಫಲವನ್ನು. ಮುಂದೆ ಅವರು ಸಂತ ವಿನ್ಸೆಂಟ್ ದ ಪಾವ್ಲರ ಹೆಸರಿನ ದೇವಾಲಯದಲ್ಲಿಯೂ ಈ ಸೇವೆ ಸಲ್ಲಿಸಿದರು.

ಸ್ವಂತ ಸಂಸ್ಥೆಯಲ್ಲಿಯೇ ಅವರ ಲಿಪಿಗೆ ಕಷ್ಟಕಾಲ ಒದಗಿತು. 1840ರಲ್ಲಿ ಅಧಿಕಾರಕ್ಕೆ ಬಂದ ನಿರ್ದೇಶಕ ಡ್ಯುಫೋ ಅವರು, ಪ್ರತ್ಯೇಕ ಲಿಪಿಯಿಂದ ಅಂಧರು ಕಣ್ಣುಳ್ಳವರಿಂದ ದೂರವಾಗುವರೆಂದು ಬಗೆದು ಅದನ್ನು ಬದಿಗೊತ್ತಿದರು. ವಿದ್ಯಾರ್ಥಿಗಳು ಗುಟ್ಟಾಗಿ ಬರೆಯುವುದನ್ನು ಬಿಡಲಿಲ್ಲ. ಕಡೆಗೆ 1844ರ ಫೆಬ್ರವರಿ 22ರಂದು, ಹೊಸ ಕಟ್ಟಡದ ಉದ್ಘಾಟನೆಯಲ್ಲಿ, ಉಪಾಧ್ಯಕ್ಷ ಗ್ವಾದೆಯವರು ಸಭೆಯ ಸಮ್ಮುಖದಲ್ಲಿ ಈ ಲಿಪಿಯನ್ನು ವಿವರಿಸಿ, ಮಕ್ಕಳಿಂದ ಓದಿಸಿ ತೋರಿಸಿದರು.

ಆ ವೇಳೆಗೆ ಬ್ರೈಲರನ್ನು ಕ್ಷಯರೋಗ ಬಹುವಾಗಿ ಬಾಧಿಸಿತ್ತು. ಅಂತಿಮ ಸಂಸ್ಕಾರಗಳನ್ನು ಸ್ವೀಕರಿಸಿ 1852ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. 43 ತುಂಬಿ ಎರಡೇ ದಿನಗಳಾಗಿದ್ದವು. ತೆರೆಯದೆ ಸುಡಬೇಕೆಂದು ಅವರು ಹೇಳಿದ್ದ ಪೆಟ್ಟಿಗೆಯನ್ನು ಬಂಧುಗಳು ತೆರೆದು ನೋಡಲು, ಅವರಿಂದ ಹಣ ಪಡೆದಿದ್ದ ಬಡವರ ಸಾಲಪತ್ರಗಳು ಅದರಲ್ಲಿದ್ದವು.

ಅದೇ ಸಂಸ್ಥೆಯಲ್ಲಿ ಕಲಿತ, ಬಹುಮಟ್ಟಿಗೆ ಅಂಧರೇ ಆಗಿದ್ದ ಲೂಯಿ ವಿಯೆರ್ನ್ 1900ರಿಂದ ನೋತ್ರ್‌ದಾಮ್ ಮಹಾದೇವಾಲಯದ ವಾದಕರಾಗಿ, 1937ರ ಜೂನ್ 2ರಂದು ಅಲ್ಲಿಯೇ ಕಛೇರಿ ನೀಡುತ್ತಿರುವಾಗ ಆರ್ಗನ್ ಮುಂದೆಯೇ ಪ್ರಾಣಬಿಟ್ಟರು. ನಮ್ಮ ಬಳ್ಳಾರಿ ಸೀಮೆಯವರಿಗೆ ಇಂಥ ಅಂಧ ಗಾಯಕರ ಪರಂಪರೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಮಕ್ಕಳ ಕೈಗೆ ವಾದ್ಯ ಕೊಟ್ಟು ಬದುಕು ಕಟ್ಟಿಕೊಟ್ಟರು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ರೂಪುಗೊಂಡು, ಕನ್ನಡವೂ ಆ ಆರು ಚುಕ್ಕಿಗಳಲ್ಲಿ ನಿಂತಿತು. ಮರುವರ್ಷ, ನಿಧನದ ಶತಮಾನದಂದು, ಫ್ರಾನ್ಸ್ ದೇಶವು ಬ್ರೈಲರ ಅಸ್ಥಿಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ನಿಗೆ ಸಾಗಿಸಿತು. ಕೈಗಳ ಮೂಳೆಗಳನ್ನು ಮಾತ್ರ ಕೂವ್ರೆಯ ಜನ ಬಿಟ್ಟುಕೊಡಲಿಲ್ಲ. ಅವು ಒಂದು ಕರಂಡದಲ್ಲಿ ಆ ಊರಿನ ಸಮಾಧಿಯ ಬಳಿಯಲ್ಲಿಯೇ ಇವೆ.