ಕಂಕನಾಡಿಯ ಮುಲ್ಲರ್ ಸ್ವಾಮಿಗಳು: ದಿನನಿತ್ಯದ ದುಡಿಮೆಯಲ್ಲಿ ಅರಳಿದ ಪಾವನತೆ

ಸಂತರ ಜೀವನಚರಿತ್ರೆಗಳನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ನಿರಾಶೆ ಉಂಟಾಗುವುದುಂಟು. ಮರುಭೂಮಿಯ ಏಕಾಂತ, ಕಠೋರವಾದ ಉಪವಾಸ, ರಕ್ತಸಾಕ್ಷಿಯ ಮರಣ ಇವೆಲ್ಲ ನಮ್ಮಂತಹ ಸಾಮಾನ್ಯರಿಗೆ ಎಟುಕದ ಎತ್ತರಗಳೆಂದು ಎಣಿಸಿ ಪುಸ್ತಕವನ್ನು ಮುಚ್ಚಿಡುತ್ತೇವೆ. ಬೆಳಗಾದರೆ ಬಸ್ಸು ಹಿಡಿದು ಕಾರ್ಖಾನೆಗೋ ಕಚೇರಿಗೋ ಧಾವಿಸುವವರು, ಸಂಜೆ ಮಕ್ಕಳ ಪಾಠ, ಮನೆಯ ಸಾಲ, ಹಿರಿಯರ ಔಷಧೋಪಚಾರಗಳ ನಡುವೆ ದಿನವನ್ನು ಮುಗಿಸುವವರು ಪಾವನರಾಗುವುದಾದರೂ ಎಂತು? ಪಾವನತೆಯ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಮೀಸಲಾದುದಲ್ಲ, ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಿಗೂ ಸಲ್ಲುವಂಥದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಸಾರಿತು. ಅದಕ್ಕೂ ಎಷ್ಟೋ ವರ್ಷಗಳ ಮೊದಲೇ, ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿ, ದಿನದಿನದ ದುಡಿಮೆಯನ್ನೇ ಪ್ರಾರ್ಥನೆಯಾಗಿಸಿ ಬಾಳಿದ ಮಹನೀಯರೊಬ್ಬರನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಾವು ಸ್ಮರಿಸಬಯಸುತ್ತೇವೆ. ಅವರೇ ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು.

ಮುಲ್ಲರ್ ಅವರು ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ. ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದ ಅವರನ್ನು ದೈವಸಂಕಲ್ಪ ದೂರದ ಮಂಗಳೂರಿಗೆ ಕರೆತಂದಿತು. ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡಬೇಕೆಂದು ಬಹುಕಾಲದಿಂದ ರೋಮಿಗೆ ಬಿನ್ನವಿಸಿಕೊಂಡಿದ್ದರು. ಜಗದ್ಗುರು ಹದಿಮೂರನೆಯ ಲಿಯೋ ಅವರು 1878ರಲ್ಲಿ ಆ ಬಿನ್ನಹವನ್ನು ಮನ್ನಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿನ ನೆಲದ ಮೇಲೆ ಕಾಲಿರಿಸಿದ ಮೊದಲ ತಂಡದಲ್ಲಿ ಮುವತ್ತೇಳು ವರ್ಷದ ಮುಲ್ಲರ್ ಸ್ವಾಮಿಗಳೂ ಇದ್ದರು.

ಅವರು ಬಂದದ್ದು ಅಧ್ಯಾಪಕರಾಗಿ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಪಾಠ ಹೇಳಿದರು. ಆದರೆ ಅವರ ಸಾಮಾನುಗಳೊಡನೆ ಹೋಮಿಯೋಪತಿ ಔಷಧಗಳ ಒಂದು ಪೆಟ್ಟಿಗೆಯೂ ಬಂದಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಅದರಿಂದ ಔಷಧ ಕೊಡುತ್ತಿದ್ದ ಸುದ್ದಿ ಊರಿನ ಬಡವರಿಗೂ ಮುಟ್ಟಿತು. ಅದೇ 1880ರಲ್ಲಿ, ಒಂದು ಆಲದ ಮರದ ನೆರಳಿನಲ್ಲಿ, ಬಡವರ ಔಷಧಾಲಯವೊಂದು ಆರಂಭವಾಯಿತು. ಕಟ್ಟಡವಿಲ್ಲ, ಧನಬಲವಿಲ್ಲ, ಇದ್ದದ್ದು ಒಂದು ಪೆಟ್ಟಿಗೆ, ಒಂದು ಮರ, ಕರುಣೆ ತುಂಬಿದ ಒಂದು ಹೃದಯ. ಹೋಮಿಯೋಪತಿಯ ಗುಣಾವಗುಣಗಳನ್ನು ವೈದ್ಯಶಾಸ್ತ್ರ ಇಂದಿಗೂ ಚರ್ಚಿಸುತ್ತಿದೆ. ಆ ಚರ್ಚೆ ಇಲ್ಲಿ ನಮಗೆ ಪ್ರಸ್ತುತವಲ್ಲ. ಯಾರೂ ಕಣ್ಣೆತ್ತಿ ನೋಡದ ಬಡರೋಗಿಯ ಎದುರಿಗೆ ಒಬ್ಬ ವಿದ್ವಾಂಸ ಗುರು ಕುಳಿತು ಅವನ ನೋವಿನ ಕಥೆಯನ್ನು ಆಲಿಸಿದನೆಂಬುದೇ ನಮಗೆ ಮುಖ್ಯ.

ಮುಂದೆ ಕಂಕನಾಡಿಯೇ ಅವರ ಕರ್ಮಭೂಮಿಯಾಯಿತು. ಔಷಧಗಳನ್ನು ಸಿದ್ಧಪಡಿಸಿ ದೂರದೂರದ ಊರುಗಳಿಗೆ ಅಂಚೆಯ ಮೂಲಕ ಕಳುಹಿಸಿ, ಬಂದ ಹಣವನ್ನು ಬಡವರ ಸೇವೆಗೆ ವಿನಿಯೋಗಿಸುವ ವ್ಯವಸ್ಥೆಯನ್ನು ಅವರು ಕಟ್ಟಿದರು. ಇಂತಹ ಕೆಲಸದ ಸ್ವರೂಪವನ್ನು ನಾವು ಸ್ವಲ್ಪ ಆಲೋಚಿಸಿ ನೋಡಬೇಕು. ಸೀಸೆಗಳನ್ನು ತೊಳೆಯಬೇಕು, ಔಷಧವನ್ನು ಅಳೆದು ತುಂಬಬೇಕು, ಚೀಟಿ ಅಂಟಿಸಬೇಕು, ಪತ್ರಗಳಿಗೆ ಉತ್ತರಿಸಬೇಕು, ಕಾಸು ಕಾಸಿಗೂ ಲೆಕ್ಕವಿಡಬೇಕು. ಇವುಗಳಲ್ಲಿ ಭಾವಪರವಶತೆಯೂ ಇಲ್ಲ, ಪವಾಡವೂ ಇಲ್ಲ. ನಿನ್ನೆ ಮಾಡಿದುದನ್ನೇ ಇಂದೂ ಮಾಡಬೇಕು, ಇಂದು ಮಾಡಿದುದನ್ನೇ ನಾಳೆಯೂ ಮಾಡಬೇಕು. ಗುಮಾಸ್ತರೂ ಅಂಗಡಿಯವರೂ ಗೃಹಿಣಿಯರೂ ಪ್ರತಿದಿನ ಸವೆಸುವ ಹಾದಿ ಇದೇ ಅಲ್ಲವೇ? ಈ ಹಾದಿಯಲ್ಲಿಯೇ ಅವರು ದೇವರನ್ನು ಕಂಡುಕೊಂಡರೆಂಬುದನ್ನು ಅವರ ಬಾಳು ಸಾರಿ ಹೇಳುತ್ತದೆ.

ಅವರ ಪ್ರೀತಿ ಒರೆಗಲ್ಲಿಗೆ ಬಂದದ್ದು ಕುಷ್ಠರೋಗಿಗಳ ವಿಷಯದಲ್ಲಿ. ದೂರದ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ, ತಾವೂ ಅದೇ ರೋಗಕ್ಕೆ ತುತ್ತಾದ ಡೇಮಿಯನ್ ಸ್ವಾಮಿಗಳು ಮಡಿದದ್ದು 1889ರಲ್ಲಿ. ಮರುವರ್ಷ, ಅಂದರೆ 1890ರಲ್ಲಿ, ಮುಲ್ಲರ್ ಸ್ವಾಮಿಗಳು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ಆ ರೋಗವನ್ನು ನಿಜವಾಗಿ ಗುಣಪಡಿಸಬಲ್ಲ ಔಷಧಗಳು ಜಗತ್ತಿಗೆ ದೊರೆತದ್ದು 1940ರ ನಂತರ. ಆದುದರಿಂದ ಗುಣವಾಗುವ ಭರವಸೆಯೇ ಇಲ್ಲದವರ ಹುಣ್ಣುಗಳನ್ನು ತೊಳೆಯುವ, ಅವರಿಗೆ ಅನ್ನವನ್ನೂ ಸೂರನ್ನೂ ನೀಡುವ ಸೇವೆ ಅದಾಗಿತ್ತು. ಫಲ ಕಾಣದ ಸೇವೆಯಲ್ಲಿ ಬೇಸರಿಯದೆ ನಿಲ್ಲುವುದು ಎಷ್ಟು ಕಠಿಣವೆಂಬುದನ್ನು, ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದ ತಂದೆಯನ್ನೋ ತಾಯಿಯನ್ನೋ ವರ್ಷಗಟ್ಟಲೆ ನೋಡಿಕೊಂಡವರು ಮಾತ್ರ ಬಲ್ಲರು.

1895ರಲ್ಲಿ ಆಸ್ಪತ್ರೆಯೂ ಸ್ಥಾಪನೆಯಾಯಿತು. ನಮ್ಮ ಬೆಂಗಳೂರನ್ನು 1898ರಲ್ಲಿ ತಲ್ಲಣಗೊಳಿಸಿದ ಪ್ಲೇಗು ಮಹಾಮಾರಿ 1902ರಲ್ಲಿ ಮಂಗಳೂರಿಗೂ ಕಾಲಿಟ್ಟಾಗ, ಪ್ಲೇಗು ಪೀಡಿತರಿಗಾಗಿಯೂ ಅವರು ಆರೈಕೆಯ ಏರ್ಪಾಡು ಮಾಡಿದರು. 1907ರಲ್ಲಿ ಅಂದಿನ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. ಆದರೆ ಅವರ ನಿಜವಾದ ಪದಕ ಬಡವರ ಕೃತಜ್ಞತೆಯೇ ಆಗಿತ್ತು.

ಹೀಗೆ ಮುವತ್ತು ವರ್ಷಗಳು ಉರುಳಿದವು. ನಮ್ಮ ಪ್ರಭು ಯೇಸುಕ್ರಿಸ್ತರೂ ನಜರೇತಿನಲ್ಲಿ ಬಡಗಿಯ ಮಗನಾಗಿ, ಮರ ಕೆತ್ತುತ್ತಾ ಮುವತ್ತು ವರ್ಷಗಳಷ್ಟು ಕಾಲ ಮರೆಯಲ್ಲಿ ಬಾಳಿದರೆಂಬುದು ಇಲ್ಲಿ ನೆನಪಾಗದಿರದು. 1910ರ ನವೆಂಬರ್ 1ರಂದು, ಧರ್ಮಸಭೆ ಸಕಲ ಸಂತರ ಮಹೋತ್ಸವವನ್ನು ಆಚರಿಸುವ ದಿನದಂದೇ, ಅರವತ್ತೊಂಬತ್ತು ವರ್ಷದ ಮುಲ್ಲರ್ ಸ್ವಾಮಿಗಳು ಪ್ರಭುವಿನ ಸನ್ನಿಧಿಯನ್ನು ಸೇರಿದರು. ಪೀಠದ ಮೇಲೆ ಪ್ರತಿಮೆಯಿಲ್ಲದ, ಪಂಚಾಂಗದಲ್ಲಿ ಹೆಸರಿಲ್ಲದ ಅಸಂಖ್ಯಾತ ಪುಣ್ಯಾತ್ಮರ ಹಬ್ಬವದು. ಸಂತರೆಂದು ಘೋಷಿತರಾಗದ ಅವರಿಗೆ ಇದಕ್ಕಿಂತ ಒಪ್ಪುವ ದಿನ ಬೇರಾವುದಿದ್ದೀತು?

ಅವರು ನೆಟ್ಟ ಸಸಿ ಇಂದು ಹೆಮ್ಮರವಾಗಿದೆ. ಅವರ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ವೈದ್ಯಕೀಯ ಕಾಲೇಜೂ, 1999ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾದವು. ಕರಾವಳಿಯಿಂದ ಬಂದು ಈ ನಗರದಲ್ಲಿ ನೆಲೆಸಿರುವ ನಮ್ಮವರಲ್ಲಿ ಕಂಕನಾಡಿ ಆಸ್ಪತ್ರೆಯ ಹೆಸರು ಕೇಳದವರು ವಿರಳ.

ಪ್ರಿಯ ಬಾಂಧವರೇ, ಆಲದ ಮರದ ಆ ನೆರಳು ನಮ್ಮಿಂದ ದೂರವೆಂದು ಭಾವಿಸದಿರೋಣ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಸರದಿಗಾಗಿ ಕಾದು ನಿಂತ ಕಾರ್ಮಿಕನಿಗೆ ದಾರಿ ತೋರುವಾಗ, ಬಸವೇಶ್ವರನಗರದ ಸರ್ಕಾರಿ ಹೋಮಿಯೋಪತಿ ಆಸ್ಪತ್ರೆಗೆ ನೆರೆಮನೆಯ ಅಜ್ಜಿಯನ್ನು ಕೈಹಿಡಿದು ಕರೆದೊಯ್ಯುವಾಗ, ಯಂತ್ರದ ಮುಂದೆ ಪ್ರಾಮಾಣಿಕವಾಗಿ ದುಡಿಯುವಾಗ, ಬೇಸರವಾದರೂ ಮುನಿಯದೆ ಮನೆಯವರ ಚಾಕರಿ ಮಾಡುವಾಗ ನಾವೂ ಅದೇ ನೆರಳಿನಲ್ಲಿ ನಿಂತಿರುತ್ತೇವೆ. ಭಾನುವಾರದ ಬಲಿಪೂಜೆಯಲ್ಲಿ ಪಡೆದ ಪ್ರಸಾದವು ಸೋಮವಾರದ ದುಡಿಮೆಯಲ್ಲಿ ಕಾಣಿಸಿಕೊಳ್ಳಲಿ. ನಮ್ಮ ಹಿರಿಯರು ನೂರು ವರ್ಷಗಳ ಹಿಂದೆ ಕಟ್ಟಿದ ದೇವಾಲಯಕ್ಕೆ ನಾವು ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ಹಿರಿದು ಮತ್ತೊಂದಿಲ್ಲ.